ಒಂದೇ ಬಾಟಲಿ ಬಿಯರಿಗೆ ಎಷ್ಟು ಕೊಡಬಹುದು: ದುಬಾರಿ ಬಾಟಲಿ ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಅನೇಕ ಮನೆಗಳಲ್ಲಿ ಹಡಗಿನ ಮೇಲೆ ಅಥವಾ ಕೊಲ್ಲಿ ದೇಶಗಳಲ್ಲಿ ದುಡಿಯುವವರು ಇದ್ದಾರೆ. ರಜೆಗೆ ಹೊರಡುವ ಮುನ್ನ ಅವರು ಊರಿನ ಗೆಳೆಯರಿಗೆ ‘ಏನಾದರೂ ತರಬೇಕೇ’ ಎಂದು ಕೇಳುವುದು ರೂಢಿ, ಅದಕ್ಕೆ ವಿಸ್ಕಿಯ ಹೆಸರು ಹೇಳುವುದೂ ರೂಢಿ. ಈಚೆಗೆ ಮಾತ್ರ ಬೆಲ್ಜಿಯಂನ ಮಠಗಳಲ್ಲಿ ತಯಾರಾಗುವ ಬಿಯರ್, ಪೀಪಾಯಿಯಲ್ಲಿ ಮಾಗಿಸಿದ ಸ್ಟೌಟ್ ಎಂಬ ಕಪ್ಪು ಬಿಯರ್ ಮುಂತಾದವುಗಳ ರುಚಿ ಹಿಡಿದವರ ಒಂದು ಸಣ್ಣ ಗುಂಪು ನಮ್ಮ ಜಿಲ್ಲೆಯಲ್ಲಿಯೂ ಹುಟ್ಟಿಕೊಂಡಿದೆ. ವೈನ್ ಶಾಪಿನಲ್ಲಿ ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ 650 ಮಿಲಿಯ ಬಾಟಲಿಗೆ ಒಗ್ಗಿದ ಕೈ, ಅದರ ಅರ್ಧದಷ್ಟು ಅಳತೆಯ ಬಾಟಲಿಗೆ ಹತ್ತು ಪಟ್ಟು ಬೆಲೆ ಕೇಳಿದಾಗ ತಡವರಿಸುತ್ತದೆ. ಆ ಬೆಲೆ ನ್ಯಾಯವೇ, ಅದರಲ್ಲಿ ಎಷ್ಟು ಪಾಲು ರುಚಿಗೆ, ಎಷ್ಟು ಪಾಲು ಹೆಸರಿಗೆ, ತಾನು ಎಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸಲು ನೆರವಾಗುವ ಕೆಲವು ಕ್ರಮಗಳನ್ನು ಇಲ್ಲಿ ವಿವರಿಸಿದ್ದೇನೆ.

ಸುದ್ದಿಯಾಗುವ ಬೆಲೆಗಳನ್ನು ಪಕ್ಕಕ್ಕಿಡಿ

ಜಗತ್ತಿನ ಅತಿ ದುಬಾರಿ ಬಿಯರ್ ಯಾವುದು ಎಂದು ಹುಡುಕಿದರೆ ಮೊದಲು ಎದುರಾಗುವುದು ಐದು ಲಕ್ಷ ಡಾಲರಿನ ಒಂದು ಕಥೆ. ಉತ್ತರ ಧ್ರುವದ ಹಿಮದಲ್ಲಿ ಕಾಣೆಯಾದ ಸರ್ ಜಾನ್ ಫ್ರಾಂಕ್ಲಿನ್‌ನ ತಂಡವನ್ನು ಹುಡುಕಲು 1852ರಲ್ಲಿ ಸರ್ ಎಡ್ವರ್ಡ್ ಬೆಲ್ಚರ್‌ನ ಹಡಗುಗಳು ಹೊರಟಾಗ, ಇಂಗ್ಲೆಂಡಿನ ಬರ್ಟನ್ ಪಟ್ಟಣದ ಆಲ್‌ಸಪ್ ಕಂಪನಿ ಆ ಯಾತ್ರೆಗೆಂದೇ ಆರ್ಕ್ಟಿಕ್ ಏಲ್ ಎಂಬ ಗಟ್ಟಿ ಬಿಯರ್ ತಯಾರಿಸಿತ್ತು. ಅದರ ಒಂದು ಬಾಟಲಿ 2007ರಲ್ಲಿ ಇಬೇ ಹರಾಜಿಗೆ ಬಂದಿತು. ಮಾರುವವರು ಕಂಪನಿಯ ಹೆಸರಿನ ಕಾಗುಣಿತ ತಪ್ಪಿಸಿದ್ದರಿಂದ ಹುಡುಕುವವರ ಕಣ್ಣಿಗೆ ಅದು ಬೀಳಲಿಲ್ಲ, ಹೀಗಾಗಿ 304 ಡಾಲರಿಗೆ ಕೈಬದಲಾಯಿತು. ಕೊಂಡವರು ಕಾಗುಣಿತ ಸರಿಪಡಿಸಿ ಮತ್ತೆ ಹರಾಜಿಗಿಟ್ಟಾಗ ಕೂಗು 5,03,300 ಡಾಲರಿಗೆ ಏರಿತು. ಆದರೆ ಆ ಕೊನೆಯ ಕೂಗು ಹುಸಿಯಾಗಿತ್ತು. ಹಣ ಯಾರೂ ಕೊಡಲಿಲ್ಲ. ನಿಜವಾಗಿ ಕೈಬದಲಾದ ಹಣ 304 ಡಾಲರ್ ಮಾತ್ರ, ಆದರೂ ಇಂದಿಗೂ ಪಟ್ಟಿಗಳಲ್ಲಿ ಮೆರೆಯುತ್ತಿರುವುದು ಹುಸಿ ಅಂಕಿ.

ಉಳಿದ ಪ್ರಸಿದ್ಧ ಬೆಲೆಗಳನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಸ್ಕಾಟ್ಲೆಂಡಿನ ಬ್ರೂಡಾಗ್ 2010ರಲ್ಲಿ ಶೇ 55ರಷ್ಟು ಮದ್ಯಸಾರವಿದ್ದ ‘ದಿ ಎಂಡ್ ಆಫ್ ಹಿಸ್ಟರಿ’ಯ 12 ಬಾಟಲಿಗಳನ್ನು ಸತ್ತ ಅಳಿಲು, ಮುಂಗುಸಿಯಂಥ ಸ್ಟೋಟ್ ಮುಂತಾದ ಪ್ರಾಣಿಗಳ ಒಣಗಿಸಿದ ದೇಹದೊಳಗೆ ಇರಿಸಿ 500 ಮತ್ತು 700 ಪೌಂಡಿಗೆ ಮಾರಿತು. ಅಲ್ಲಿ ಕೊಂಡವರು ಬೆಲೆ ತೆತ್ತಿದ್ದು ಬಾಟಲಿಯ ವೇಷಕ್ಕೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಂಪನಿ 2008ರಲ್ಲಿ ‘ಯಾಕೋಬ್ಸೆನ್ ವಿಂಟೇಜ್ ನಂಬರ್ 1’ ಎಂಬ ಬಿಯರಿನ 600 ಬಾಟಲಿಗಳನ್ನು ತಲಾ 2008 ಕ್ರೋನರ್ ಬೆಲೆಗೆ ಹೊರತಂದಿತು. ಇಸವಿಯೇ ಬೆಲೆಯಾದ ಮೇಲೆ ಅದರಲ್ಲಿ ತಯಾರಿಕೆಯ ವೆಚ್ಚವನ್ನು ಹುಡುಕುವುದು ವ್ಯರ್ಥ. ಆಸ್ಟ್ರೇಲಿಯಾದ ನೇಲ್ ಬ್ರೂಯಿಂಗ್ ಅಂಟಾರ್ಕ್ಟಿಕಾದ ಮಂಜುಗಡ್ಡೆ ಕರಗಿಸಿದ ನೀರಿನಿಂದ ತಯಾರಿಸಿದ 30 ಬಾಟಲಿಗಳಲ್ಲಿ ಒಂದು 800, ಇನ್ನೊಂದು 1,850 ಆಸ್ಟ್ರೇಲಿಯನ್ ಡಾಲರಿಗೆ ಹರಾಜಾದವು, ಹಣ ಹೋದದ್ದು ಕಡಲಜೀವಿಗಳ ರಕ್ಷಣೆಗೆ. ಅದು ದೇಣಿಗೆ. ಇಂಥ ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅಂಗಡಿಗೆ ಹೋದರೆ ಐದು ಸಾವಿರ ರೂಪಾಯಿಯೂ ಅಗ್ಗವೆಂದು ತೋರುತ್ತದೆ. ಆದ್ದರಿಂದ ಮೊದಲ ಕೆಲಸವೆಂದರೆ ಅವುಗಳನ್ನು ಲೆಕ್ಕದಿಂದ ಹೊರಗಿಡುವುದು.

ಬೆಲೆಯೊಳಗೆ ಏನಿದೆ ಎಂದು ಕೇಳಿ

ನಿಜವಾಗಿ ಕುಡಿಯಲೆಂದು ಕೊಳ್ಳುವ ದುಬಾರಿ ಬಿಯರುಗಳ ಬೆಲೆಗೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ: ಕಾಲ, ಕೊರತೆ, ಪ್ರಯಾಣ. ಇವುಗಳಲ್ಲಿ ಕಾಲಕ್ಕೆ ಹಣ ಕೊಡುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ಸಮರ್ಥನೀಯ. ಬ್ರಸೆಲ್ಸ್‌ನಲ್ಲಿ 1900ರಿಂದ ನಡೆಯುತ್ತಿರುವ ಕಾಂಟಿಯೋನ್ ಎಂಬ ಬಿಯರ್ ಮನೆಯವರು ತಮ್ಮ ಲ್ಯಾಂಬಿಕ್ ಬಿಯರಿಗೆ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಟ್ಟು, ಗಾಳಿಯಲ್ಲಿರುವ ಕಾಡು ಯೀಸ್ಟ್ ತಾನಾಗಿ ಅದರೊಳಗೆ ಇಳಿಯುವಂತೆ ಮಾಡುತ್ತಾರೆ. ಈ ಕ್ರಮ ಚಳಿಯ ತಿಂಗಳುಗಳಲ್ಲಿ ಮಾತ್ರ ಸಾಧ್ಯ. ಆಮೇಲೆ ಒಂದು, ಎರಡು ಮತ್ತು ಮೂರು ವರ್ಷ ಪೀಪಾಯಿಯಲ್ಲಿದ್ದ ಲ್ಯಾಂಬಿಕ್‌ಗಳನ್ನು ಬೆರೆಸಿ ಗೂಸ್ ಎಂಬ ಬಿಯರ್ ಮಾಡುತ್ತಾರೆ. ಮೂರು ವರ್ಷ ಪೀಪಾಯಿ ಹಿಡಿದಿಟ್ಟ ಖರ್ಚು, ಆವಿಯಾಗಿ ಹೋದ ಭಾಗ, ಕೆಟ್ಟುಹೋದ ಪೀಪಾಯಿಗಳ ನಷ್ಟ ಎಲ್ಲವೂ ಬಾಟಲಿಯ ಬೆಲೆಯಲ್ಲಿ ಸೇರುತ್ತವೆ. ಅಮೆರಿಕದ ಬಾಸ್ಟನ್ ಬಿಯರ್ ಕಂಪನಿ 2002ರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬಿಡುಗಡೆ ಮಾಡುವ ‘ಸ್ಯಾಮುಯೆಲ್ ಆಡಮ್ಸ್ ಯುಟೋಪಿಯಾಸ್’ ಕೂಡ ಇದೇ ಬಗೆಯದು: ಹಲವು ವರ್ಷಗಳ ಹಳೆಯ ಬಿಯರುಗಳನ್ನು ಬೆರೆಸಿದ, ಗ್ಯಾಸ್ ಇಲ್ಲದ ಈ ಬಿಯರಿನಲ್ಲಿ 2023ರಲ್ಲಿ ಶೇ 28ರಷ್ಟು ಮದ್ಯಸಾರವಿತ್ತು, ಬೆಲೆ 240 ಡಾಲರ್ ಇತ್ತು. ಅಮೆರಿಕದ ಹಲವು ರಾಜ್ಯಗಳ ಕಾನೂನು ಇಷ್ಟು ಗಟ್ಟಿಯಾದ ಬಿಯರಿನ ಮಾರಾಟವನ್ನೇ ಒಪ್ಪುವುದಿಲ್ಲ.

ಕೊರತೆಯ ವಿಷಯ ಇನ್ನಷ್ಟು ಎಚ್ಚರಿಕೆಯಿಂದ ನೋಡಬೇಕಾದದ್ದು. ಬೆಲ್ಜಿಯಂನ ಸಿಂಟ್ ಸಿಕ್ಸ್‌ಟಸ್ ಮಠದ ಸನ್ಯಾಸಿಗಳು ತಮ್ಮ ಜೀವನ ನಿರ್ವಹಣೆಗೆ ಬೇಕಾದಷ್ಟೇ ಬಿಯರ್ ತಯಾರಿಸುತ್ತಾರೆ. ಬೇಡಿಕೆ ಎಷ್ಟೇ ಏರಲಿ, ಉತ್ಪಾದನೆ ಏರಿಸುವುದಿಲ್ಲ. ‘ವೆಸ್ಟ್‌ವ್ಲೆಟೆರೆನ್ 12’ ಎಂಬ, ಶೇ 10.2 ಮದ್ಯಸಾರದ ಅವರ ಕಪ್ಪು ಬಿಯರನ್ನು ಮುಂಗಡ ಕಾಯ್ದಿರಿಸಿ, ಮಠದ ಬಾಗಿಲಿಗೇ ಹೋಗಿ, 24 ಬಾಟಲಿಯ ಮರದ ಕ್ರೇಟುಗಳಲ್ಲಿ ತರುವುದು ಬಹುಕಾಲದ ಪದ್ಧತಿ. ಕಾಯ್ದಿರಿಸುವುದು ಮೊದಲು ಫೋನಿನಲ್ಲಿ, 2019ರಿಂದ ಆನ್‌ಲೈನಿನಲ್ಲಿ. ಮಠ ಕೇಳುವ ಬೆಲೆ ಸಾಧಾರಣವಾದದ್ದೇ, ಮರುಮಾರಾಟ ಮಾಡಬಾರದೆಂದೂ ಸನ್ಯಾಸಿಗಳು ಕೋರುತ್ತಾರೆ. ಆದರೂ ಅದೇ ಬಾಟಲಿ ನಗರದ ಅಂಗಡಿಗಳಲ್ಲಿ ಹಲವು ಪಟ್ಟು ಬೆಲೆಗೆ ಕಾಣಿಸಿಕೊಳ್ಳುತ್ತದೆ. ಮಠದ ಕಟ್ಟಡದ ದುರಸ್ತಿಗೆ ಹಣ ಬೇಕಾಗಿ 2012ರಲ್ಲಿ ಒಮ್ಮೆ ಅಮೆರಿಕಕ್ಕೆ ಕಳಿಸಿದಾಗ ಆರು ಬಾಟಲಿ ಮತ್ತು ಎರಡು ಗ್ಲಾಸುಗಳ ಪೆಟ್ಟಿಗೆಗೆ ಸುಮಾರು 85 ಡಾಲರ್ ಬೆಲೆಯಿತ್ತು, ಎಂದರೆ ಗ್ಲಾಸಿನ ಬೆಲೆಯನ್ನೂ ಸೇರಿಸಿ ಬಾಟಲಿಗೆ 14 ಡಾಲರ್.

ಇಲ್ಲಿಯೇ ಈ ಲೇಖನದ ಮುಖ್ಯ ಸಲಹೆಯನ್ನು ಹೇಳಿಬಿಡುತ್ತೇನೆ. ಅಪರೂಪದ ಬಾಟಲಿಯ ಬೆಲೆಯನ್ನು ಒಂಟಿಯಾಗಿ ತೂಗಬೇಡಿ. ಅದರ ಹತ್ತಿರದ ನೆಂಟನನ್ನು ಹುಡುಕಿ. ಸಿಂಟ್ ಸಿಕ್ಸ್‌ಟಸ್ ಮಠದ ಬಿಯರನ್ನು 1946ರಿಂದ 1992ರವರೆಗೆ ಪರವಾನಗಿ ಪಡೆದು ಹೊರಗೆ ತಯಾರಿಸುತ್ತಿದ್ದದ್ದು ಹತ್ತಿರದ ವಾಟೌ ಗ್ರಾಮದ ಸಿಂಟ್ ಬರ್ನಾರ್ಡಸ್ ಎಂಬ ಬಿಯರ್ ಮನೆ. ಪರವಾನಗಿ ಮುಗಿದ ಮೇಲೆಯೂ ಅವರು ‘ಸಿಂಟ್ ಬರ್ನಾರ್ಡಸ್ ಆಬ್ಟ್ 12’ ಎಂಬ ಹೆಸರಿನಲ್ಲಿ ಅದೇ ಬಗೆಯ, ಶೇ 10 ಮದ್ಯಸಾರದ ಬಿಯರ್ ಮಾಡುತ್ತಿದ್ದಾರೆ, ಅದು ಯುರೋಪಿನ ಸಾಮಾನ್ಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಪಂಗಡದ ಸನ್ಯಾಸಿಗಳದ್ದೇ ಆದ ‘ರೋಶ್‌ಫೋರ್ 10’ ಕೂಡ, ಶೇ 11.3 ಮದ್ಯಸಾರದೊಂದಿಗೆ, ಅದೇ ಸಾಲಿನದು. ಗೆಳೆಯರಿಗೆ ಮೊದಲ ಬಾರಿ ತರಲು ಹೇಳುವಾಗ ಈ ಎರಡರಲ್ಲಿ ಒಂದನ್ನು ಹೇಳಿ, ಕುಡಿದು ನೋಡಿ, ಅದರ ಬೆಲೆಯನ್ನು ಬರೆದಿಟ್ಟುಕೊಳ್ಳಿ. ಆಮೇಲೆ ‘ವೆಸ್ಟ್‌ವ್ಲೆಟೆರೆನ್ 12’ಕ್ಕೆ ಕೊಡುವ ಹೆಚ್ಚುವರಿ ಹಣ ಯಾವುದಕ್ಕೆ ಎಂಬ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ: ಅದು ಎರಡು ಗ್ಲಾಸುಗಳ ನಡುವಿನ ವ್ಯತ್ಯಾಸಕ್ಕೆ, ಮತ್ತು ಕುಡಿದೆನೆಂಬ ತೃಪ್ತಿಗೆ. ತೃಪ್ತಿಗೆ ಹಣ ಕೊಡುವುದು ತಪ್ಪಲ್ಲ. ಅದನ್ನು ರುಚಿಯ ಲೆಕ್ಕದಲ್ಲಿ ಬರೆಯಬಾರದು, ಅಷ್ಟೆ.

ಬಾಟಲಿಯ ಬೆಲೆಯನ್ನು ಗ್ಲಾಸಿಗೆ ಇಳಿಸಿ

ದುಬಾರಿ ಬಿಯರನ್ನು ಬಾಟಲಿ ಲೆಕ್ಕದಲ್ಲಿ ಕುಡಿಯುವವರು ಕಡಿಮೆ. ಆದ್ದರಿಂದ ಬೆಲೆಯನ್ನು ಮೊದಲು ಬಡಿಸುವ ಅಳತೆಗೆ ಇಳಿಸಬೇಕು. ಯುಟೋಪಿಯಾಸಿನ 750 ಮಿಲಿ ಬಾಟಲಿಯ ಬೆಲೆಯನ್ನು, ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ, 20,400 ರೂಪಾಯಿ ಎನ್ನಬಹುದು. ಕೇಳಿದವರು ತಲೆ ಮೇಲೆ ಕೈ ಹೊತ್ತುಕೊಳ್ಳುವ ಮೊತ್ತವಿದು. ಆದರೆ ಅದನ್ನು ಬ್ರಾಂಡಿಯಂತೆ 30 ಮಿಲಿಯ ಅಳತೆಯಲ್ಲಿ ಬಡಿಸುವುದು ಕ್ರಮ. 25 ಅಳತೆಗಳಾಗುತ್ತವೆ, ಒಂದಕ್ಕೆ 816 ರೂಪಾಯಿ ಬೀಳುತ್ತದೆ. ಗ್ಯಾಸ್ ಇಲ್ಲದ ಕಾರಣ ತೆರೆದ ಬಾಟಲಿಯನ್ನು ಮತ್ತೆ ಮುಚ್ಚಿಡಬಹುದು, ಒಂದೇ ಸಂಜೆಗೆ ಮುಗಿಸಬೇಕೆಂಬ ಒತ್ತಡವಿಲ್ಲ. ಇದಕ್ಕೆ ಹೋಲಿಸಿದರೆ, ಎರಡು ಸಾವಿರ ಕೊಟ್ಟ 330 ಮಿಲಿಯ ಬಾಟಲಿಯನ್ನು ಇಬ್ಬರೇ ಹಂಚಿಕೊಂಡರೆ ತಲಾ ಸಾವಿರವಾಯಿತು, ಅದೂ ತೆರೆದ ದಿನವೇ ಮುಗಿಯಬೇಕು. ಸಣ್ಣ ಬಾಟಲಿ ಯಾವಾಗಲೂ ಅಗ್ಗವಲ್ಲ.

ಮದ್ಯಸಾರದ ಲೆಕ್ಕವನ್ನೂ ಜೊತೆಗೇ ಮಾಡಿಕೊಳ್ಳುವುದು ಒಳ್ಳೆಯದು. ಶೇ 10.2ರ 330 ಮಿಲಿ ಬಾಟಲಿಯಲ್ಲಿ ಸುಮಾರು 34 ಮಿಲಿ ಶುದ್ಧ ಮದ್ಯಸಾರ ಇರುತ್ತದೆ. ಶೇ 5ರ 650 ಮಿಲಿ ದೊಡ್ಡ ಬಾಟಲಿಯಲ್ಲಿ 32.5 ಮಿಲಿ. ಅಂದರೆ ಕೈಯಲ್ಲಿ ಹಿಡಿದ ಪುಟ್ಟ ಬಾಟಲಿ ಒಂದು ಪೂರ್ಣ ಬಿಯರಿಗಿಂತ ತುಸು ಹೆಚ್ಚೇ. ಕಾರವಾರದಲ್ಲಿ ಕುಡಿದು ಅರಬೈಲು ಘಟ್ಟ ಹತ್ತಿ ಯಲ್ಲಾಪುರಕ್ಕೆ, ಅಥವಾ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಗಾಡಿ ಓಡಿಸುವ ಯೋಚನೆ ಯಾರಿಗಾದರೂ ಇದ್ದರೆ ಅವರ ಪಾಲನ್ನು ಬಾಟಲಿಯಲ್ಲೇ ಉಳಿಸಿ. ನಮ್ಮ ಕಾನೂನಿನ ಮಿತಿ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮಾತ್ರ.

ಮಿತಿಯನ್ನು ಮೊದಲೇ ಚೀಟಿಯಲ್ಲಿ ಬರೆಯಿರಿ

ಎಷ್ಟು ಕೊಡಬಹುದು ಎಂಬ ಪ್ರಶ್ನೆಗೆ ಉತ್ತರ ನಮ್ಮೊಳಗೇ ಇದೆ ಎಂದು ನಾವು ನಂಬುತ್ತೇವೆ, ಆದರೆ ಆ ಉತ್ತರ ಕೇಳುವ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಮುಂದೆ 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1985ರಲ್ಲಿ ಪ್ರಕಟಿಸಿದ ಒಂದು ಪ್ರಶ್ನೆ ಬಿಯರನ್ನೇ ಕುರಿತದ್ದು. ಬಿಸಿಲಿನ ದಿನ ನೀವು ಕಡಲತೀರದಲ್ಲಿ ಮಲಗಿದ್ದೀರಿ. ಗೆಳೆಯನೊಬ್ಬ ಫೋನ್ ಮಾಡಲು ಎದ್ದು ಹೋಗುತ್ತ, ಹತ್ತಿರದ ಒಂದೇ ಒಂದು ಮಾರಾಟದ ಸ್ಥಳದಿಂದ ನಿಮ್ಮ ಮೆಚ್ಚಿನ ಬಿಯರ್ ತರುತ್ತೇನೆ, ಹೆಚ್ಚೆಂದರೆ ಎಷ್ಟು ಕೊಡುತ್ತೀರಿ ಹೇಳು ಎನ್ನುತ್ತಾನೆ. ಆ ಸ್ಥಳ ಐಷಾರಾಮಿ ಹೋಟೆಲ್ ಎಂದು ತಿಳಿಸಿದವರ ಉತ್ತರದ ಮಧ್ಯಾಂಕ 2.65 ಡಾಲರ್, ಸಣ್ಣ ಹಳೆಯ ಕಿರಾಣಿ ಅಂಗಡಿ ಎಂದು ತಿಳಿಸಿದವರದು 1.50 ಡಾಲರ್. ಬಿಯರ್ ಅದೇ, ಮರಳೂ ಅದೇ, ಕುಡಿಯುವವನು ಹೋಟೆಲಿನ ಒಳಗೆ ಕಾಲಿಡುವುದೂ ಇಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕುಳಿತು ಇದೇ ಪ್ರಶ್ನೆಯನ್ನು ಎಂಎಸ್‌ಐಎಲ್ ಮಳಿಗೆ ಮತ್ತು ಹವಾನಿಯಂತ್ರಿತ ಬಾರ್ ಇಟ್ಟುಕೊಂಡು ಕೇಳಿದರೂ ಇದೇ ಬಗೆಯ ಉತ್ತರ ಬರುವುದರಲ್ಲಿ ನನಗೆ ಸಂಶಯವಿಲ್ಲ.

ಆದ್ದರಿಂದ ಬೆಲೆಯ ಫಲಕ ನೋಡುವ ಮೊದಲು, ಬಾಟಲಿಯ ಫೋಟೋ ಬರುವ ಮೊದಲು, ಮಿತಿಯನ್ನು ಚೀಟಿಯಲ್ಲಿ ಬರೆಯಬೇಕು. ಬರೆಯುವ ಅಂಕಿ ನಿಜದ್ದಾಗಿರಬೇಕು, ಚೌಕಾಸಿಯದ್ದಾಗಿರಬಾರದು. ಶಿರಸಿಯಲ್ಲಿ ಅಡಿಕೆ ಟೆಂಡರ್ ನೋಡಿದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಚಾಲಿ ಅಡಿಕೆಯ ಒಂದು ಲಾಟಿಗೆ ವ್ಯಾಪಾರಿ ಬರೆಯುವ ದರ ಅವನು ಕೊಡಬಲ್ಲ ಗರಿಷ್ಠ ದರವಲ್ಲ. ಗೆದ್ದರೆ ತಾನು ಬರೆದದ್ದನ್ನೇ ಕೊಡಬೇಕಾದ್ದರಿಂದ, ಪಕ್ಕದವನಿಗಿಂತ ತುಸು ಮೇಲಾದರೆ ಸಾಕೆಂದು ತಗ್ಗಿಸಿಯೇ ಬರೆಯುತ್ತಾನೆ. ನಿಜವಾದ ಗರಿಷ್ಠ ಬೆಲೆಯನ್ನು ಹೊರತರಲು ಬೇರೆ ಕ್ರಮ ಬೇಕು. ಬೆಕರ್, ಡಿಗ್ರೂಟ್ ಮತ್ತು ಮಾರ್ಶಕ್ ಎಂಬ ಮೂವರು ವಿದ್ವಾಂಸರು 1964ರಲ್ಲಿ ಸೂಚಿಸಿದ ಕ್ರಮವನ್ನು ಮನೆಯಲ್ಲಿ ಆಟವಾಗಿ ಆಡಬಹುದು. 200ರಿಂದ 3,000 ರೂಪಾಯಿಯವರೆಗೆ ಬೇರೆ ಬೇರೆ ಬೆಲೆಗಳನ್ನು ಬರೆದ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ. ನಿಮ್ಮ ಗರಿಷ್ಠ ಬೆಲೆಯನ್ನು ಬೇರೆ ಕಾಗದದಲ್ಲಿ ಬರೆದು ಮಡಚಿಡಿ. ಆಮೇಲೆ ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿ. ಎತ್ತಿದ ಬೆಲೆ ನೀವು ಬರೆದ ಬೆಲೆಗಿಂತ ಕಡಿಮೆಯಾದರೆ ಎತ್ತಿದ ಬೆಲೆಗೆ ಬಾಟಲಿ ನಿಮ್ಮದು, ಹೆಚ್ಚಾದರೆ ನಿಮಗಿಲ್ಲ. ನಿಮ್ಮ ನಿಜವಾದ ಮಿತಿ 1,200 ಎಂದುಕೊಳ್ಳಿ. ಜಾಣತನಕ್ಕೆಂದು 800 ಬರೆದಿದ್ದು 900ರ ಚೀಟಿ ಬಂದರೆ ಲಾಭದ ವ್ಯಾಪಾರ ಕೈತಪ್ಪಿತು; ಗತ್ತಿಗೆಂದು 2,000 ಬರೆದಿದ್ದು 1,500ರ ಚೀಟಿ ಬಂದರೆ ನಷ್ಟಕ್ಕೆ ಸಿಕ್ಕಿಬಿದ್ದಿರಿ. ನಿಜ ಬರೆಯುವುದೇ ಲಾಭ. ಗೆಳೆಯರ ನಡುವೆ ಹಣಕ್ಕೆ ಬಾಟಲಿ ಮಾರಾಟವಾಗಕೂಡದು, ಅದರ ಕಾರಣ ಮುಂದೆ ಬರುತ್ತದೆ. ಆಟದ ಉದ್ದೇಶ ಅಂಕಿಯನ್ನು ತಿಳಿಯುವುದಷ್ಟೇ.

ಗುಂಪಾಗಿ ವಂತಿಗೆ ಹಾಕಿ ತರಿಸುವವರಿಗೆ ಇನ್ನೂ ಸರಳವಾದ ದಾರಿಯಿದೆ. ತನ್ನ ಪಾಲಿಗೆ ಹೆಚ್ಚೆಂದರೆ ಎಷ್ಟು ಕೊಡಬಲ್ಲೆ ಎಂದು ಪ್ರತಿಯೊಬ್ಬರೂ ಇನ್ನೊಬ್ಬರಿಗೆ ತೋರಿಸದೆ ಬರೆಯಬೇಕು, ಆಮೇಲೆ ಕೂಡಿಸಬೇಕು. ಉದಾಹರಣೆಗೆ, ಯುಟೋಪಿಯಾಸಿಗೆಂದು ಹತ್ತು ಮಂದಿ ಸೇರಿದ್ದಾರೆ. ನಾಲ್ವರು ತಲಾ 2,500, ಮೂವರು ತಲಾ 1,500, ಇಬ್ಬರು ತಲಾ 1,000 ಬರೆದು, ಒಬ್ಬರು ಸೊನ್ನೆ ಬರೆದರೆ ಒಟ್ಟು 16,500 ಆಯಿತು. ಬಾಟಲಿಯ ಬೆಲೆ 20,400. ಈ ಗುಂಪು ಆ ಬಾಟಲಿ ತರಿಸಬಾರದು. ಚೀಟಿ ಇಲ್ಲದೆ ಬಾಯಲ್ಲಿ ಕೇಳಿದ್ದರೆ ಮೊದಲು ಮಾತಾಡಿದ ಉತ್ಸಾಹಿಯ ಅಂಕಿಗೆ ಉಳಿದವರು ಸಂಕೋಚದಿಂದ ಹೂಂ ಎನ್ನುತ್ತಿದ್ದರು, ಸೊನ್ನೆ ಬರೆದವರು ಕೂಡ. ನಮ್ಮ ಕಡೆ ಮುಲಾಜಿಗೆ ಬಿದ್ದು ಹಣ ಕೊಡುವವರ ಸಂಖ್ಯೆ ಸಣ್ಣದಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಎಂಥ ಹೆಸರಿನ ಬಿಯರಾದರೂ ಒಂದು ಸಣ್ಣ ಗ್ಲಾಸಿಗೆ ಐದುನೂರು ರೂಪಾಯಿ ಮೀರಿದರೆ ಹಿಂದೆ ಸರಿಯುತ್ತೇನೆ. ಮೂರು ವರ್ಷ ಮಾಗಿದ ಗೂಸ್ ಆದರೆ ಮಾತ್ರ ಸ್ವಲ್ಪ ಸಡಿಲಿಸುತ್ತೇನೆ.

ಬಾಟಲಿ ನಮ್ಮ ಜಿಲ್ಲೆಗೆ ಬರುವ ದಾರಿ

ಮಿತಿ ನಿಗದಿಯಾದ ಮೇಲೆ ಮೂರನೆಯ ಕಾರಣವಾದ ಪ್ರಯಾಣದ, ಎಂದರೆ ತೆರಿಗೆ ಮತ್ತು ಕಾನೂನಿನ ಲೆಕ್ಕ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಅದರ ಅಬಕಾರಿ ಸುಂಕ ವಿಧಿಸುವುದು ರಾಜ್ಯ ಸರ್ಕಾರ. ಕರ್ನಾಟಕದಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು 2023ರ ಜುಲೈ ಬಜೆಟಿನಲ್ಲಿ ಶೇ 175ರಿಂದ 185ಕ್ಕೆ ಏರಿಸಲಾಯಿತು. ವಿದೇಶಿ ಬಾಟಲಿಯ ಮೇಲೆ ಇದಕ್ಕೂ ಮೊದಲು ಕೇಂದ್ರದ ಆಮದು ಸುಂಕ ಬೀಳುತ್ತದೆ. ಆದ್ದರಿಂದ ಬೆಂಗಳೂರಿನ ದೊಡ್ಡ ಅಂಗಡಿಯಲ್ಲಿ ಕಾಣುವ ಬೆಲ್ಜಿಯಂ ಬಾಟಲಿಯ ಬೆಲೆಯಲ್ಲಿ ಬಿಯರಿನ ಪಾಲಿಗಿಂತ ತೆರಿಗೆಯ ಪಾಲೇ ದೊಡ್ಡದು. ಅದು ರುಚಿಯ ಅಳತೆಯಲ್ಲ ಎಂಬುದನ್ನು ನೆನಪಿಟ್ಟರೆ ಸಾಕು.

ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ ಎರಡು ಲೀಟರ್. ಈ ಅಳತೆಯನ್ನು ಬುದ್ಧಿವಂತಿಕೆಯಿಂದ ತುಂಬಬೇಕು: 330 ಮಿಲಿಯ ಆರು ಬಾಟಲಿಗಳು 1,980 ಮಿಲಿಯಾಗಿ ಸರಿಯಾಗಿ ಕೂಡುತ್ತವೆ, 750 ಮಿಲಿಯವು ಎರಡೇ, ಮೂರನೆಯದು ಮಿತಿ ದಾಟುತ್ತದೆ, ಆದರೆ ಎರಡರ ಜೊತೆಗೆ 330 ಮಿಲಿಯ ಒಂದು ಸೇರಿಸಬಹುದು. ತರುವವರು ತಮ್ಮ ಪಾಲಿನ ಎರಡು ಲೀಟರನ್ನು ನಿಮಗಾಗಿ ಬಿಟ್ಟುಕೊಡುತ್ತಿದ್ದಾರೆ ಎಂಬುದೂ ಒಂದು ಬೆಲೆಯೇ. ಅವರಿಗೆ ಮೊದಲ ಗ್ಲಾಸು ಸಲ್ಲಬೇಕು. ಹಡಗಿನ ಸಿಬ್ಬಂದಿಗೆ ನಿಯಮಗಳು ಬೇರೆ ಇರುವುದರಿಂದ ಅವರು ತಮ್ಮ ಏಜೆಂಟರನ್ನು ಕೇಳಿಯೇ ತರಬೇಕು. ವಿಮಾನ ನಿಲ್ದಾಣದ ಹೊರಗಿನ ಅಂಗಡಿಯಲ್ಲಿ ಕೊಂಡ ಬಾಟಲಿಗಳನ್ನು ಕೈಚೀಲದಲ್ಲಿ ಬಿಡುವುದಿಲ್ಲವಾದ್ದರಿಂದ ಅವು ಲಗೇಜಿನಲ್ಲೇ ಹೋಗಬೇಕು: ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಲುಂಗಿಯಲ್ಲೋ ಬೆಡ್‌ಶೀಟಿನಲ್ಲೋ ಸುತ್ತಿ, ಪೆಟ್ಟಿಗೆಯ ನಡುವೆ ಇರಿಸಬೇಕು.

ಕಾರವಾರದವರಿಗೆ ಹತ್ತಿರದ ವಿಮಾನ ನಿಲ್ದಾಣಗಳು ಗೋವಾದ ದಾಬೋಲಿಂ ಮತ್ತು ಮೋಪಾ. ಅಲ್ಲಿಂದ ಬರುವಾಗ ಪೋಳೆಂ ದಾಟಿದರೆ ಮಾಜಾಳಿಯ ತಪಾಸಣಾ ಠಾಣೆ, ಜೋಯಿಡಾ ಮಾರ್ಗದವರಿಗೆ ಅನಮೋಡ. ವಿದೇಶದ ಖರೀದಿಯ ಬಿಲ್ಲು ಮತ್ತು ಬೋರ್ಡಿಂಗ್ ಪಾಸನ್ನು ಬಾಟಲಿಯ ಜೊತೆಗೇ ಇಟ್ಟುಕೊಳ್ಳಿ, ಸಂಶಯವಿದ್ದರೆ ಹೊರಡುವ ಮೊದಲೇ ಅಬಕಾರಿ ಕಚೇರಿಯಲ್ಲಿ ವಿಚಾರಿಸಿ. ಗೋವಾದಲ್ಲಿ ತೆರಿಗೆ ಕಡಿಮೆಯೆಂದು ಅಲ್ಲಿಯೇ ಕೊಂಡು ತರುವ ಆಸೆ ಸಹಜ, ಆದರೆ ‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಎಂದು ಬರೆದ ಬಾಟಲಿಯನ್ನು ಪರ್ಮಿಟ್ ಇಲ್ಲದೆ ಈ ಕಡೆ ತಂದರೆ ಬಾಟಲಿಯ ಜೊತೆಗೆ ವಾಹನವೂ ಜಪ್ತಿಯಾಗಬಹುದು. ಉಳಿಸಿದ ಮುನ್ನೂರು ರೂಪಾಯಿಗೆ ಇದು ಒಳ್ಳೆಯ ವ್ಯಾಪಾರವಲ್ಲ. ರಕ್ಷಣಾ ಸಿಬ್ಬಂದಿಗೆಂದೇ ಮೀಸಲಾದ ಕ್ಯಾಂಟೀನ್ ಬಾಟಲಿಗಳನ್ನು ಯಾರಾದರೂ ಹೊರಗೆ ಮಾರಲು ಬಂದರೂ ದೂರವಿರಿ. ಪರವಾನಗಿ ಇಲ್ಲದೆ ಮದ್ಯ ಮಾರುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ವಂತಿಗೆ ಹಾಕಿ ಹಂಚಿ ಕುಡಿಯುವುದಕ್ಕೂ, ಲಾಭವಿಟ್ಟು ಗೆಳೆಯನಿಗೆ ದಾಟಿಸುವುದಕ್ಕೂ ಇರುವ ಗೆರೆ ಇದೇ.

ಕೈಗೆ ಬಂದ ಬಾಟಲಿಯನ್ನು ಪರೀಕ್ಷಿಸುವುದು

ಬಾಟಲಿ ಹೇಗೆ ಉಳಿದುಬಂದಿದೆ ಎಂಬುದು ತಿಳಿಯದಿದ್ದರೆ ಬರೆದಿಟ್ಟ ಮಿತಿಯಲ್ಲಿ ಅರ್ಧ ಕಡಿತ ಮಾಡಿ ಎಂಬುದು ನನ್ನ ನಿಯಮ. ಬಾಟಲಿಯನ್ನು ನೇರವಾಗಿ ಹಿಡಿದು ಬೆಳಕಿಗೆ ಎದುರಾಗಿ ಕುತ್ತಿಗೆಯ ಭಾಗ ನೋಡಿ: ದ್ರವದ ಮಟ್ಟ ಅದೇ ಜಾತಿಯ ಬೇರೆ ಬಾಟಲಿಗಿಂತ ಕೆಳಗಿದ್ದರೆ ಮುಚ್ಚಳ ಸೋರಿದೆ. ಮುಚ್ಚಳದ ಅಂಚನ್ನು ಉಗುರಿನಿಂದ ಸವರಿ. ಕಾರವಾರದ ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ಕಳೆದ ಬಾಟಲಿಯಾದರೆ ಮುಚ್ಚಳದ ಮಡಿಕೆಗಳಲ್ಲಿ ಕಂದು ಪುಡಿ ಉಗುರಿಗೆ ಅಂಟುತ್ತದೆ, ಗಾಜಿನ ತುಟಿಯ ಮೇಲೂ ತುಕ್ಕಿನ ಉಂಗುರ ಮೂಡಿರುತ್ತದೆ. ಅಷ್ಟರಿಂದಲೇ ಬಿಯರ್ ಕೆಟ್ಟಿದೆ ಎನ್ನಲಾಗದು, ಆದರೆ ಅದು ತಂಪಾದ ಒಣ ಜಾಗದಲ್ಲಿ ಇರಲಿಲ್ಲ ಎಂಬುದು ಖಚಿತ. ದಿನಾಂಕ ಓದುವಾಗ ಅಮೆರಿಕದವರು ತಿಂಗಳನ್ನು ಮೊದಲು, ಯುರೋಪಿನವರು ದಿನವನ್ನು ಮೊದಲು ಬರೆಯುತ್ತಾರೆ ಎಂಬುದು ನೆನಪಿರಲಿ. 03/09 ಎಂಬುದು ಮಾರ್ಚ್ ಆಗಿರಬಹುದು, ಸೆಪ್ಟೆಂಬರೂ ಆಗಿರಬಹುದು.

ಹಳೆಯದಾದಷ್ಟೂ ಬೆಲೆ ಹೆಚ್ಚಬೇಕು ಎಂಬ ನಂಬಿಕೆ ವಿಸ್ಕಿಯಿಂದ ಬಂದದ್ದು. ಬಿಯರಿಗೆ ಅದು ಬಹುತೇಕ ಅನ್ವಯಿಸುವುದಿಲ್ಲ. ಹಾಪ್ಸ್ ಎಂಬ ಕಹಿ ಹೂವಿನ ಪರಿಮಳವೇ ಜೀವಾಳವಾದ ಐಪಿಎ (ಇಂಡಿಯಾ ಪೇಲ್ ಏಲ್) ಎಂಬ ಬಗೆಯ ಬಿಯರ್ ಕೆಲವೇ ತಿಂಗಳುಗಳಲ್ಲಿ ಕಳೆಗುಂದುತ್ತದೆ, ಅಂಥದ್ದಕ್ಕೆ ಹಳೆಯ ದಿನಾಂಕವಿದ್ದರೆ ರಿಯಾಯಿತಿ ಕೇಳಬೇಕೇ ಹೊರತು ಹೆಚ್ಚು ಕೊಡಬಾರದು. ಮದ್ಯಸಾರ ಹೆಚ್ಚಿರುವ ಬಾರ್ಲಿ ವೈನ್ ಎಂಬ ಬಿಯರ್, ಇಂಪೀರಿಯಲ್ ಸ್ಟೌಟ್, ಬಾಟಲಿಯಲ್ಲೇ ಜೀವಂತ ಯೀಸ್ಟ್ ಇರುವ ಮಠದ ಕಪ್ಪು ಬಿಯರುಗಳು ಮತ್ತು ಗೂಸ್ ಮಾತ್ರ ವರ್ಷಗಳ ಕಾಲ ಮಾಗಬಲ್ಲವು. ಅವು ಕೂಡ ತಂಪಿನಲ್ಲಿದ್ದರೆ ಮಾತ್ರ. ಬೆಲ್ಜಿಯಂನ ಡ್ರೀ ಫೊಂಟೈನೆನ್ ಎಂಬ ಗೂಸ್ ತಯಾರಕರ ಉಗ್ರಾಣದಲ್ಲಿ 2009ರಲ್ಲಿ ತಾಪ ನಿಯಂತ್ರಕ ಕೆಟ್ಟು ಕೋಣೆ ಕಾದು, ಸಾವಿರಾರು ಬಾಟಲಿಗಳು ಸಿಡಿದುಹೋದವು. ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಅಟ್ಟದ ಮೇಲೆ ಬಿಯರ್ ಇಡುವವರು ಈ ಸಂಗತಿಯನ್ನು ಗಮನಿಸಬೇಕು.

ಕಾರವಾರದಲ್ಲಿ ಇರುವವರು ಬಾಟಲಿಯನ್ನು ಫ್ರಿಜ್ಜಿನ ಕೆಳ ಅಂಕಣದಲ್ಲಿ ನಿಲ್ಲಿಸಿ ಇಡುವುದೇ ಉತ್ತಮ. ಬಾಗಿಲಿನ ಅಂಕಣದಲ್ಲಿ ಬೇಡ, ಅಲ್ಲಿ ದಿನಕ್ಕೆ ಹತ್ತಾರು ಬಾರಿ ಬಿಸಿ ಗಾಳಿ ತಾಗುತ್ತದೆ. ಶಿರಸಿ, ಸಿದ್ದಾಪುರದ ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ಬೆಳಕು ಬೀಳದ ನಡುಕೋಣೆಯಿದ್ದರೆ ಮಳೆಗಾಲ ಮತ್ತು ಚಳಿಗಾಲಕ್ಕೆ ಅದು ಸಾಕು, ಮನೆಯ ಹಿರಿಯರು ಅಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕ ಬಿಯರಿಗೆ ಜಾಗ ಕೊಟ್ಟರೆ. ಬೆಳಕು ಬಿಯರಿನ ದೊಡ್ಡ ಶತ್ರು: ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ದುರ್ವಾಸನೆಯ ಸಂಯುಕ್ತವಾಗುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ. ಟ್ಯೂಬ್‌ಲೈಟಿನ ಕೆಳಗೆ ತಿಂಗಳುಗಟ್ಟಲೆ ನಿಂತ ಹಸಿರು ಬಾಟಲಿಗೆ, ಅದರ ಲೇಬಲ್ಲಿನಲ್ಲಿ ಯಾವ ಹೆಸರೇ ಇರಲಿ, ಹೆಚ್ಚು ಹಣ ಕೊಡಬೇಡಿ.

ತೆರೆಯುವ ದಿನ

ಗಟ್ಟಿ ಕಪ್ಪು ಬಿಯರನ್ನು ಹಲ್ಲು ಜುಮ್ಮೆನ್ನುವಷ್ಟು ತಂಪಾಗಿ ಕುಡಿದರೆ ಕೊಟ್ಟ ಹಣದ ಅರ್ಧ ವ್ಯರ್ಥ. 12 ಡಿಗ್ರಿಯ ಆಸುಪಾಸಿನಲ್ಲಿ ಅದರ ಪರಿಮಳ ಬಿಡುತ್ತದೆ. ಕಾರವಾರದ ಸೆಕೆಯಲ್ಲಿ ಫ್ರಿಜ್ಜಿನಿಂದ ತೆಗೆದು ಹದಿನೈದು ನಿಮಿಷ ಕಾದರೆ ಸಾಕು. ಯುಟೋಪಿಯಾಸನ್ನು ಕೋಣೆಯ ತಾಪದಲ್ಲಿ ಕುಡಿಯಬೇಕೆಂಬ ಮಾತು ಬಾಸ್ಟನ್ನಿನ ಕೋಣೆಗೆ ಸರಿ. ಮೂವತ್ತು ಡಿಗ್ರಿಯ ನಮ್ಮ ಕೋಣೆಗಳಲ್ಲಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟೇ ಬಡಿಸಬೇಕು. ಖಾರದ ಮೀನು ಸಾರಿನ ಜೊತೆ ಇವುಗಳನ್ನು ಕುಡಿಯಬೇಡಿ, ಮೆಣಸು ಎಲ್ಲವನ್ನೂ ನುಂಗುತ್ತದೆ. ಹುಳಿಯಾದ ಗೂಸ್‌ಗೆ ರವೆ ಹಚ್ಚಿ ಹುರಿದ ಕಾಣೆ ಮೀನು ಹೊಂದುತ್ತದೆ, ಮಠದ ಕಪ್ಪು ಬಿಯರಿಗೆ ಶಿರಸಿ ಕಡೆಯ ತೊಡದೇವು.

ಹಣ ಸಾರ್ಥಕವಾಯಿತೇ ಎಂದು ತಿಳಿಯಲು ಹೆಸರು ಮುಚ್ಚಿ ಕುಡಿದು ನೋಡುವುದೊಂದೇ ದಾರಿ, ಏಕೆಂದರೆ ತಿಳಿವಳಿಕೆ ನಾಲಗೆಯನ್ನು ಬದಲಿಸುತ್ತದೆ. ಅಮೆರಿಕದ ಕೇಂಬ್ರಿಜ್ ಊರಿನ ಪಬ್‌ಗಳಲ್ಲಿ ಲೀ, ಫ್ರೆಡ್ರಿಕ್ ಮತ್ತು ಏರಿಯಲಿ ಎಂಬ ಸಂಶೋಧಕರು ಬಿಯರಿಗೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಬೆರೆಸಿ ಕೊಟ್ಟ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ವಿಷಯ ತಿಳಿಯದೆ ಕುಡಿದವರಲ್ಲಿ ಬಹಳ ಮಂದಿ ಅದನ್ನೇ ಮೆಚ್ಚಿದರು, ಮೊದಲೇ ತಿಳಿಸಿದವರಲ್ಲಿ ಮೆಚ್ಚಿಗೆ ಕುಸಿಯಿತು. ಕುಡಿದ ಮೇಲೆ ತಿಳಿಸಿದವರ ಅಭಿಪ್ರಾಯ ಮಾತ್ರ ಹೆಚ್ಚು ಬದಲಾಗಲಿಲ್ಲ.

ಮನೆಯಲ್ಲಿ ಮಾಡಲು ತ್ರಿಕೋನ ಪರೀಕ್ಷೆ ಸುಲಭ. ಆರು ಜನರಿಗೆ ತಲಾ ಮೂರು ಸಣ್ಣ ಲೋಟಗಳಲ್ಲಿ 30 ಮಿಲಿ ಬಡಿಸಿ. ಎರಡರಲ್ಲಿ ಒಂದು ಬಿಯರ್, ಮೂರನೆಯದರಲ್ಲಿ ಇನ್ನೊಂದು, ಉದಾಹರಣೆಗೆ ವೆಸ್ಟ್‌ವ್ಲೆಟೆರೆನ್ ಮತ್ತು ಅದರ ನೆಂಟನಾದ ಸಿಂಟ್ ಬರ್ನಾರ್ಡಸ್. ಲೋಟಗಳು ಸ್ಟೀಲಿನವಾಗಿದ್ದರೆ ಬಣ್ಣದಿಂದ ಗುರುತಿಸುವುದು ಕಷ್ಟವಾಗುತ್ತದೆ. ಬಡಿಸಿದವರು ಪರೀಕ್ಷೆಯಲ್ಲಿ ಸೇರಬಾರದು, ಯಾರೂ ಮುಖಚರ್ಯೆಯಿಂದಲೂ ಸುಳಿವು ಕೊಡಬಾರದು. ಬೇರೆಯಾದದ್ದು ಯಾವುದು ಎಂದು ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು. ಬರೀ ಊಹೆಯಿಂದ ಮೂರರಲ್ಲಿ ಒಬ್ಬರಿಗೆ ಸರಿ ಉತ್ತರ ಬರುತ್ತದೆ. ಆರರಲ್ಲಿ ನಾಲ್ವರು ಅಥವಾ ಹೆಚ್ಚು ಜನ ಊಹೆಯಿಂದಲೇ ಸರಿ ಹೇಳುವ ಸಂಭವ ಶೇ 10, ಐವರು ಅಥವಾ ಹೆಚ್ಚು ಜನ ಹೇಳುವ ಸಂಭವ ಶೇ 2ಕ್ಕೂ ಕಡಿಮೆ. ಐವರು ಸರಿ ಹೇಳಿದರೆ ವ್ಯತ್ಯಾಸ ನಿಜವಾಗಿ ಇದೆಯೆಂದು ಒಪ್ಪಿ, ಆಮೇಲೆ ಯಾವುದು ಮೆಚ್ಚಿಗೆಯಾಯಿತು ಎಂದು ಕೇಳಿ, ಮುಂದಿನ ಬಾರಿಯ ಮಿತಿಯನ್ನು ಅದಕ್ಕೆ ತಕ್ಕಂತೆ ಏರಿಸಿ. ಇಬ್ಬರೋ ಮೂವರೋ ಹೇಳಿದರೆ, ಮುಂದಿನ ರಜೆಗೆ ಬರುವವರಿಗೆ ಸಿಂಟ್ ಬರ್ನಾರ್ಡಸ್ ಆರು ಬಾಟಲಿ ತರಲು ಹೇಳಿದರಾಯಿತು; ಎರಡು ಲೀಟರಿಗೆ ಇಪ್ಪತ್ತು ಮಿಲಿ ಕಡಿಮೆಯೇ ಇರುತ್ತದೆ.